ಮೊದಲ ಪುಸ್ತಕ ಮತ್ತು ಪ್ರಕಾಶನದ ಹೆಸರಿನ ಮೋಸ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಬರೆಯುವವರಿಗೆ ಬರವಿಲ್ಲ. ಸಾಲಿ ಮಾಸ್ತರರು, ಕಾಲೇಜಿನ ಅತಿಥಿ ಉಪನ್ಯಾಸಕರು, ಹಟ್ಟಿ ಚಿನ್ನದ ಗಣಿಯ ನೌಕರರು, ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಭತ್ತ ಬೆಳೆಯುವ ಮನೆಯ ಮಕ್ಕಳು, ಹೀಗೆ ಎಲ್ಲ ಕಡೆ ಕವಿತೆಯ ವಹಿ ಇಟ್ಟುಕೊಂಡವರು ಸಿಗುತ್ತಾರೆ. ಮುದಗಲ್ಲಿನ ಮೊಹರಂ ಪದ, ಮಸ್ಕಿಯ ಅಶೋಕನ ಶಾಸನ, ಗಣಿಯೊಳಗಿನ ಬದುಕು ಎಂದು ಇಲ್ಲಿನವರೇ ಬರೆಯಬೇಕಾದ ವಿಷಯಗಳೂ ಹೇರಳವಾಗಿವೆ. ಆದರೆ ಹೆಸರಾದ ಪ್ರಕಾಶನಗಳು ಇರುವುದು ಬೆಂಗಳೂರು, ಧಾರವಾಡ, ಮೈಸೂರುಗಳಲ್ಲಿ. ಮುದ್ರಣ ಕಾಶಿ ಎಂದು ಕರೆಸಿಕೊಳ್ಳುವ ಗದಗಕ್ಕೂ ಇಲ್ಲಿಂದ ಒಂದು ದಿನದ ಕೆಲಸ ಬಿಟ್ಟೇ ಹೋಗಬೇಕು. ಪುಸ್ತಕ ಹೇಗೆ ಅಚ್ಚಾಗುತ್ತದೆ, ಯಾವುದಕ್ಕೆ ಎಷ್ಟು ಖರ್ಚು, ಹಕ್ಕು ಯಾರದು ಎಂದು ಹತ್ತಿರ ಕೂತು ಹೇಳುವವರು ಕಡಿಮೆ. ಈ ದೂರವನ್ನೇ ಬಂಡವಾಳ ಮಾಡಿಕೊಂಡವರು ಫೋನಿನಲ್ಲಿ, ವಾಟ್ಸಾಪಿನಲ್ಲಿ ಹೊಸ ಲೇಖಕರನ್ನು ಹುಡುಕಿಕೊಂಡು ಬರುತ್ತಾರೆ.

ರೊಕ್ಕ ಕೊಟ್ಟು ಅಚ್ಚು ಹಾಕಿಸಿದರೆ ಅದು ಮೋಸವೇ?

ಇಂಗ್ಲಿಷ್ ಪುಸ್ತಕಲೋಕದಲ್ಲಿ ಒಂದು ಸುಲಭ ಸೂತ್ರವಿದೆ: ಹಣ ಪ್ರಕಾಶಕನಿಂದ ಲೇಖಕನ ಕಡೆ ಹರಿಯಬೇಕು, ತಿರುಗಿ ಹರಿದರೆ ಮೋಸ. ಕನ್ನಡಕ್ಕೆ ಈ ಸೂತ್ರವನ್ನು ಹಾಗೇ ತಂದರೆ ನಮ್ಮ ಸಾಹಿತ್ಯದ ದೊಡ್ಡ ಪಾಲನ್ನೇ ಅನುಮಾನಿಸಬೇಕಾಗುತ್ತದೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಜಿ.ಪಿ. ರಾಜರತ್ನಂ ತಮ್ಮ ಪುಸ್ತಕಗಳಿಗೆ ತಾವೇ ಪ್ರಕಾಶಕರಾದರು. ಕುವೆಂಪು ಕೃತಿಗಳು ಬಂದದ್ದು ಮನೆಯದೇ ಆದ ಉದಯರವಿ ಪ್ರಕಾಶನದಿಂದ. ಧಾರವಾಡದಲ್ಲಿ 1933ರಲ್ಲಿ ಶುರುವಾದ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ನಿಂತದ್ದು ಓದುಗರು ಮೊದಲೇ ಕೊಟ್ಟ ಚಂದಾ ಹಣದ ಮೇಲೆ. ಇಂದಿಗೂ ಕನ್ನಡದ ಬಹಳಷ್ಟು ಮೊದಲ ಕವನ ಸಂಕಲನಗಳು ಕವಿಯ ಸ್ವಂತ ಖರ್ಚಿನಲ್ಲೇ ಬೆಳಕು ಕಾಣುತ್ತವೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹಾಗಾಗಿ ನಮ್ಮ ಕಡೆ ಕೇಳಬೇಕಾದ ಪ್ರಶ್ನೆ ಬೇರೆ. ರೊಕ್ಕ ಕೊಟ್ಟ ಮೇಲೆ ಅಚ್ಚಾದ ಪ್ರತಿಗಳು ಯಾರವು, ಹಕ್ಕು ಯಾರದು, ಮಾರಾಟದ ಲೆಕ್ಕ ಯಾರು ಕೊಡುತ್ತಾರೆ, ಇವೆಲ್ಲ ಕಾಗದದ ಮೇಲೆ ಇವೆಯೇ? ಮುದ್ರಕನೊಬ್ಬ ಇಷ್ಟು ಫಾರಂ, ಇಷ್ಟು ಪ್ರತಿ, ಇಷ್ಟು ರೂಪಾಯಿ ಎಂದು ಹೇಳಿ ಪುಸ್ತಕಗಳನ್ನು ಲಾರಿಗೆ ಹಾಕಿ ಕಳಿಸಿದರೆ ಅದು ನೇರ ವ್ಯಾಪಾರ. ಮುದ್ರಕನ ಕೆಲಸವನ್ನೇ ಮಾಡಿ, ಪ್ರಕಾಶಕನ ಗೌರವವನ್ನು ಮಾರಿ, ಹಕ್ಕನ್ನೂ ಪ್ರತಿಗಳನ್ನೂ ತನ್ನಲ್ಲೇ ಇಟ್ಟುಕೊಂಡರೆ ಅದು ವಂಚನೆ.

ಮೋಸದ ಮುಖಗಳು

ಮೊದಲನೆಯದು ಅವಸರದ ಒಪ್ಪಿಗೆ. ಶನಿವಾರ ರಾತ್ರಿ ಹಸ್ತಪ್ರತಿಯ ಪಿಡಿಎಫ್ ಕಳಿಸಿದರೆ ಸೋಮವಾರ ಬೆಳಿಗ್ಗೆ ಫೋನು: “ಸರ್, ನಿಮ್ಮ ಕೃತಿ ನಮ್ಮ ಸಂಪಾದಕ ಮಂಡಳಿಯಲ್ಲಿ ಆಯ್ಕೆಯಾಗಿದೆ, ಈ ವಾರದೊಳಗೆ ಬುಕ್ ಮಾಡಿದರೆ ರಿಯಾಯಿತಿ ಇದೆ.” ನಿಜವಾಗಿ ಓದುವ ಪ್ರಕಾಶಕರು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾರೆ, ಎಷ್ಟೋ ಸಲ ಉತ್ತರವೂ ಬರುವುದಿಲ್ಲ. ಓದಿದವರು ಮಾತಾಡಿದರೆ ಮೂರನೇ ಕಥೆಯ ಕೊನೆ ಸಡಿಲವಾಗಿದೆ, ಈ ಪಾತ್ರ ಅರ್ಧಕ್ಕೇ ಮಾಯವಾಗಿದೆ ಎಂಬ ಮಾತು ಬರುತ್ತದೆ. ಬರೀ ಹೊಗಳಿಕೆ ಬಂದರೆ ಕೃತಿಯ ಒಂದು ಭಾಗದ ಬಗ್ಗೆ ಏನಾದರೂ ಕೇಳಿ ನೋಡಬೇಕು. ಈಚೆಗೆ ಕಂಪ್ಯೂಟರಿನಲ್ಲೇ ತಯಾರಾದ ಹೊಗಳಿಕೆ ಪತ್ರಗಳು ಕೃತಿಯ ಪಾತ್ರಗಳ ಹೆಸರು ಹಿಡಿದೇ ಬರುತ್ತಿವೆ. ಅದರಿಂದ ಪತ್ರವನ್ನಷ್ಟೇ ನಂಬದೆ ಅದೇ ಸಂಸ್ಥೆಯಿಂದ ಪುಸ್ತಕ ತಂದ ಇಬ್ಬರು ಲೇಖಕರಿಗೆ ಫೋನ್ ಮಾಡುವುದು ಒಳ್ಳೆಯದು. ಒಳ್ಳೆಯ ಸಂಸ್ಥೆ ಅವರ ಹೆಸರು ಹೇಳಲು ಹಿಂಜರಿಯುವುದಿಲ್ಲ.

ಎರಡನೆಯದು ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ಪ್ಯಾಕೇಜು. ಅದರಲ್ಲಿ ಪತ್ರಿಕಾ ಪ್ರಚಾರ, ಜಾಗತಿಕ ವಿತರಣೆ, ಅಮೆಜಾನ್ ಬೆಸ್ಟ್ ಸೆಲ್ಲರ್ ಎಂಬ ಮಾತುಗಳಿರುತ್ತವೆ. ಜಾಗತಿಕ ವಿತರಣೆ ಎಂದರೆ ಬಹಳ ಸಲ ಅಂತರ್ಜಾಲದ ಅಂಗಡಿಯಲ್ಲಿ ಹೆಸರು ಸೇರಿಸುವುದಷ್ಟೇ. ಬೆಸ್ಟ್ ಸೆಲ್ಲರ್ ಪಟ್ಟಿ ಗಂಟೆಗಂಟೆಗೂ ಬದಲಾಗುವಂಥದ್ದು. ಸಣ್ಣ ಉಪವಿಭಾಗದಲ್ಲಿ ಒಂದೇ ದಿನ ಕೆಲವು ಪ್ರತಿ ಕೊಂಡರೆ ಮೇಲಿನ ಸ್ಥಾನ ಸಿಗುತ್ತದೆ. ಆ ಗಳಿಗೆಯ ಫೋಟೊ ತೆಗೆದು ಲೇಖಕರಿಗೆ ಕಳಿಸಿದರೆ ಪ್ಯಾಕೇಜಿನ ಆ ಬಾಬತ್ತು ಮುಗಿಯಿತು.

ನಮ್ಮ ಭಾಗದಲ್ಲಿ ಹೆಚ್ಚು ಕಾಣುವುದು ಇವೆರಡಕ್ಕಿಂತ ಸಣ್ಣ ಮೊತ್ತದ್ದು, ನೂರಾರು ಕವಿಗಳ ಸಂಕಲನ. ವಾಟ್ಸಾಪ್ ಬಳಗದಲ್ಲಿ ಪ್ರಕಟಣೆ ಬರುತ್ತದೆ. ಒಬ್ಬೊಬ್ಬರಿಂದ ಒಂದು ಕವಿತೆ, ಒಂದಿಷ್ಟು ರೂಪಾಯಿ. ಅದಕ್ಕೆ ಎರಡು ಪ್ರತಿ, ಒಂದು ಪ್ರಮಾಣಪತ್ರ, ಬಿಡುಗಡೆಯ ದಿನ ಶಾಲು. ಲೆಕ್ಕ ಹಾಕಿ ನೋಡಿದರೆ ಸಂಗತಿ ತಿಳಿಯುತ್ತದೆ. 120 ಕವಿಗಳು ತಲಾ 600 ರೂಪಾಯಿ ಕೊಟ್ಟರು ಎಂದುಕೊಳ್ಳೋಣ, 72,000 ಆಯಿತು. ಅಚ್ಚು ಹಾಕಬೇಕಾದದ್ದು ಕವಿಗಳಿಗೆ ಕೊಡುವ 240 ಪ್ರತಿ ಮತ್ತು ವೇದಿಕೆಯ ಮೇಲಿನ ಅತಿಥಿಗಳಿಗೆ ಒಂದಿಷ್ಟು. ಅಂಗಡಿಗೆ ಹೋಗುವ ಪ್ರತಿ ಇಲ್ಲ, ಓದುಗನೂ ಇಲ್ಲ, ಕೊಂಡವರೆಲ್ಲ ಬರೆದವರೇ. ಆಯ್ಕೆ ನಡೆದಿದೆಯೇ ಎಂದು ತಿಳಿಯಲು ಯಾರ ಕವಿತೆಯನ್ನಾದರೂ ತಿರಸ್ಕರಿಸಿದ್ದೀರಾ ಎಂದು ಸಂಪಾದಕರನ್ನು ಕೇಳಿದರೆ ಸಾಕು. ಗೆಳೆಯರ ಬಳಗವೊಂದು ಖರ್ಚು ಹಂಚಿಕೊಂಡು, ಲೆಕ್ಕವನ್ನು ಎಲ್ಲರ ಮುಂದಿಟ್ಟು ಸಂಕಲನ ತಂದರೆ ಅದು ಬೇರೆ ಮಾತು. ಅಂಥವು ಈ ಭಾಗದಲ್ಲಿ ಬೇಕು, ಹೆಚ್ಚಾಗಲಿ. ಲೆಕ್ಕ ಕೇಳಿದ ಕೂಡಲೇ ಬಳಗದಿಂದ ಹೊರಹಾಕುವವರ ವಿಷಯ ಇಲ್ಲಿ ಹೇಳುತ್ತಿರುವುದು.

ಇದರ ಬೆನ್ನಿಗೇ ಬರುವುದು ಪ್ರಶಸ್ತಿ. ರಾಷ್ಟ್ರೀಯ, ಅಂತಾರಾಷ್ಟ್ರೀಯ ಎಂಬ ಹೆಸರು ಹೊತ್ತ ಸನ್ಮಾನಕ್ಕೆ ನೋಂದಣಿ ಶುಲ್ಕ, ಹಾರದ ಖರ್ಚು, ಊಟದ ಖರ್ಚು ಎಂದು ಪಡೆಯುವವರೇ ಕೊಡಬೇಕು. ಗೌರವ ಡಾಕ್ಟರೇಟ್ ಕೂಡ ಹೀಗೇ ಬಿಕರಿಯಾಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ಮೈಸೂರಿನ ಹೋಟೆಲೊಂದರಲ್ಲಿ ಇಂಥ ಪದವಿ ಪ್ರದಾನ ನಡೆಯುತ್ತಿದ್ದಾಗಲೇ ಪೊಲೀಸರು ಹೋಗಿ ತಡೆದರು. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆ, ಹಣ ಕಳಿಸುವ ಮೊದಲು ಅದನ್ನು ನೋಡಬಹುದು.

ಗ್ರಂಥಾಲಯಕ್ಕೆ ಹಾಕಿಸುತ್ತೇವೆ ಎಂಬ ಮಾತು

ಕನ್ನಡದ ಹೊಸ ಲೇಖಕರು ಎಲ್ಲಕ್ಕಿಂತ ಬೇಗ ನಂಬುವ ಮಾತು ಇದು. “ನೀವು ಅಚ್ಚಿನ ಖರ್ಚು ಕೊಡಿ, ಲೈಬ್ರರಿ ಆರ್ಡರ್ ಬಂದರೆ ಹಾಕಿದ ರೊಕ್ಕ ವಾಪಸ್.” ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕಗಳನ್ನು ಸಗಟು ಖರೀದಿಯಲ್ಲಿ ಕೊಳ್ಳುವುದು ನಿಜ. ಪುಟಕ್ಕೆ ಇಷ್ಟೆಂದು ದರ ಗೊತ್ತುಮಾಡಿರುವುದೂ ನಿಜ. ಆದರೆ ಆ ದಾರಿ ಹೀಗಿದೆ: ಪುಸ್ತಕ ಪ್ರಕಟವಾದ ಮೇಲೆ ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯದ ಕಾಪಿರೈಟ್ ವಿಭಾಗಕ್ಕೆ ಪ್ರತಿಗಳನ್ನು ಕೊಟ್ಟು ನೋಂದಾಯಿಸಬೇಕು. ಇಲಾಖೆ ಆ ವರ್ಷದ ಪುಸ್ತಕಗಳಿಗೆ ಅರ್ಜಿ ಕರೆದಾಗ ಹಾಕಬೇಕು. ಆಯ್ಕೆ ಸಮಿತಿ ನೋಡಬೇಕು. ಆಯ್ಕೆಯಾದ ಮೇಲೆ ಪ್ರತಿಗಳನ್ನು ಒದಗಿಸಿ ಬಿಲ್ಲಿಗೆ ಕಾಯಬೇಕು. ಖರೀದಿ ವರ್ಷಗಟ್ಟಲೆ ತಡವಾಯಿತು, ಬಾಕಿ ಬಂದಿಲ್ಲ ಎಂದು ಪ್ರಕಾಶಕರೇ ಮತ್ತೆ ಮತ್ತೆ ದನಿಯೆತ್ತಿದ್ದಾರೆ. ಸಮಿತಿ ಕೂರುವ ಮೊದಲೇ ಆಯ್ಕೆಯ ಭರವಸೆ ಕೊಡುವ ಅಧಿಕಾರ ಯಾರಿಗೂ ಇಲ್ಲ. ಭರವಸೆ ಕೊಡುವವರು ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಹೇಳಬಾರದ ದಾರಿಯ ಮಾತಾಡುತ್ತಿರಬೇಕು. ಎರಡರಲ್ಲೂ ಲೇಖಕರು ಕಾಲಿಡಬಾರದು.

ಇದರಲ್ಲೇ ಇನ್ನೊಂದು ಸೂಕ್ಷ್ಮವಿದೆ. ಗ್ರಂಥಾಲಯ ಖರೀದಿಯ ಹಣ ಹೋಗುವುದು ಪ್ರಕಾಶಕರ ಹೆಸರಿಗೆ. ಅಚ್ಚಿನ ಖರ್ಚೆಲ್ಲ ಲೇಖಕರದೇ ಆಗಿದ್ದು, ಖರೀದಿ ಹಣದಲ್ಲಿ ಲೇಖಕರಿಗೆ ಎಷ್ಟು ಎಂದು ಎಲ್ಲೂ ಬರೆಯದಿದ್ದರೆ ಆದೇಶ ಬಂದರೂ ಕೈಗೆ ಬರುವುದು ಏನೂ ಇರುವುದಿಲ್ಲ.

ಐಎಸ್‌ಬಿಎನ್ ಎಂಬ ಹದಿಮೂರು ಅಂಕಿ

ಐಎಸ್‌ಬಿಎನ್ ಕೊಡಿಸಲು ಸಾವಿರಾರು ರೂಪಾಯಿ ಎಂದು ಯಾರಾದರೂ ಕೇಳಿದರೆ ಅಲ್ಲೇ ನಿಲ್ಲಬೇಕು. ಭಾರತದಲ್ಲಿ ಈ ಸಂಖ್ಯೆ ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ. ಅದಕ್ಕೆ ಶುಲ್ಕವಿಲ್ಲ. ತಮ್ಮ ಪುಸ್ತಕವನ್ನು ತಾವೇ ಪ್ರಕಟಿಸುವ ಲೇಖಕರೂ ಅಂತರ್ಜಾಲದಲ್ಲಿ ಅರ್ಜಿ ಹಾಕಿ ಪಡೆಯಬಹುದು. ಅರ್ಜಿ ತುಂಬಿಕೊಟ್ಟದ್ದಕ್ಕೆ ಯಾರಾದರೂ ಸಣ್ಣ ಕೂಲಿ ತೆಗೆದುಕೊಂಡರೆ ತಪ್ಪಲ್ಲ, ಅದನ್ನು ಸರ್ಕಾರಿ ಶುಲ್ಕ ಎಂದು ಹೇಳಿದರೆ ತಪ್ಪು.

ಸಂಖ್ಯೆ ಸರಿಯಾಗಿದೆಯೇ ಎಂದು ಮನೆಯಲ್ಲೇ ಕೂತು ನೋಡುವ ಲೆಕ್ಕವಿದೆ. 2007ರಿಂದ ಐಎಸ್‌ಬಿಎನ್ 13 ಅಂಕಿಗಳದು. ಭಾರತದ ಪುಸ್ತಕಗಳಲ್ಲಿ ಸಾಮಾನ್ಯವಾಗಿ 978 ಆದ ಮೇಲೆ 81 ಇಲ್ಲವೇ 93 ಬರುತ್ತದೆ. ಮೊದಲ ಅಂಕಿಯನ್ನು ಹಾಗೇ ಬಿಟ್ಟು, ಎರಡನೆಯದನ್ನು 3ರಿಂದ ಗುಣಿಸಿ, ಮೂರನೆಯದನ್ನು ಹಾಗೇ, ನಾಲ್ಕನೆಯದನ್ನು 3ರಿಂದ, ಹೀಗೆ ಕೊನೆಯವರೆಗೆ ಹೋಗಿ ಎಲ್ಲವನ್ನೂ ಕೂಡಬೇಕು. ಮೊತ್ತ 10ರಿಂದ ಶೇಷವಿಲ್ಲದೆ ಭಾಗವಾಗಬೇಕು. ಆಗದಿದ್ದರೆ ಆ ಸಂಖ್ಯೆ ತಪ್ಪು. ಆದರೆ ಬೇರೆ ಪುಸ್ತಕದ ಸಂಖ್ಯೆಯನ್ನೇ ಕದ್ದು ಹಾಕಿದ್ದರೆ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ ಯಾವ ಪುಸ್ತಕದ ಹೆಸರು ಬರುತ್ತದೆ ಎಂದು ನೋಡಬೇಕು.

ಈ ಸಂಖ್ಯೆ ಹಕ್ಕನ್ನೂ ಕೊಡುವುದಿಲ್ಲ, ಗುಣಮಟ್ಟಕ್ಕೂ ಸಾಕ್ಷಿಯಲ್ಲ. ಪುಸ್ತಕವನ್ನು ಗುರುತಿಸುವುದಷ್ಟೇ ಅದರ ಕೆಲಸ. ಕಾಲೇಜು ಅಧ್ಯಾಪಕರ ನೇಮಕಾತಿ, ಬಡ್ತಿಗಳಲ್ಲಿ ಐಎಸ್‌ಬಿಎನ್ ಇರುವ ಪುಸ್ತಕಕ್ಕೆ ಅಂಕ ಸಿಗುವುದರಿಂದ ಅತಿಥಿ ಉಪನ್ಯಾಸಕರನ್ನೂ ಸಂಶೋಧನಾ ವಿದ್ಯಾರ್ಥಿಗಳನ್ನೂ ಗುರಿಯಾಗಿಸಿದ ದಂಧೆಯೇ ಬೆಳೆದಿದೆ: ಪ್ರಬಂಧ ಕಳಿಸಿ, ಹಣ ಕಟ್ಟಿ, ವಾರದಲ್ಲಿ ಪ್ರಕಟ. ಹೀಗೆ ಹಣ ಪಡೆದು ಪ್ರಬಂಧ ಅಚ್ಚು ಹಾಕುವ ನಿಯತಕಾಲಿಕೆಗಳನ್ನು ಸೋಸಲು ಯುಜಿಸಿ ತಂದಿದ್ದ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಯಿತು. ಈಗ ಸೋಸುವ ಹೊಣೆ ವಿದ್ಯಾಸಂಸ್ಥೆಗಳ ಮೇಲೂ ಬರೆಯುವವರ ಮೇಲೂ ಬಿದ್ದಿದೆ. ತಿಂಗಳ ಗೌರವಧನವೇ ಸರಿಯಾಗಿ ಬಾರದ ಅತಿಥಿ ಉಪನ್ಯಾಸಕರಿಂದ ಹೀಗೆ ವಸೂಲಿ ಮಾಡುವುದು ಈ ಮೋಸಗಳಲ್ಲೆಲ್ಲ ನನಗೆ ಹೆಚ್ಚು ಸಂಕಟ ತರುವಂಥದ್ದು.

ಕರಾರುಪತ್ರವನ್ನು ಓದುವುದು

ಬರೆದವರೇ ಕೃತಿಯ ಮೊದಲ ಹಕ್ಕುದಾರರು. 1957ರ ಕೃತಿಸ್ವಾಮ್ಯ ಕಾಯ್ದೆ ಇದನ್ನು ಹೇಳುತ್ತದೆ. ಹಕ್ಕು ಪಡೆಯಲು ನೋಂದಣಿ ಕಡ್ಡಾಯವಲ್ಲ. ಬೇಕೆಂದವರಿಗೆ ಸಾಹಿತ್ಯ ಕೃತಿಯ ನೋಂದಣಿಗೆ ಸರ್ಕಾರಿ ಶುಲ್ಕ 500 ರೂಪಾಯಿ. ಕಾಪಿರೈಟ್ ಮಾಡಿಸದಿದ್ದರೆ ನಿಮ್ಮ ಪುಸ್ತಕ ಕದಿಯುತ್ತಾರೆ ಎಂದು ಹೆದರಿಸಿ ಹಲವು ಸಾವಿರ ಕೇಳುವವರನ್ನು ನಂಬಬಾರದು.

ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಲು ಬರವಣಿಗೆ ಮತ್ತು ಸಹಿ ಬೇಕೇ ಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಸಂಭಾವನೆ ಎಂಬುದು ಅದರಲ್ಲಿರಬೇಕು. ಇದೇ ಕಾಯ್ದೆಯ 19ನೇ ಕಲಮು ಲೇಖಕರ ಪರವಾಗಿ ಮೂರು ಮಾತು ಹೇಳುತ್ತದೆ. ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಸೀಮಿತ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲವಾದರೆ, ವರ್ಗಾವಣೆ ಬಿದ್ದುಹೋಗುತ್ತದೆ. ಮೋಸದ ಕರಾರುಗಳಲ್ಲಿ ಈ ರಕ್ಷಣೆಗೆ ಎದುರಾಗಿ ಒಂದು ಸಾಲು ಇರುತ್ತದೆ: ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ವಿಶ್ವದಾದ್ಯಂತ, ಎಲ್ಲ ರೂಪ ಮತ್ತು ಭಾಷೆಗಳಲ್ಲಿ. ಕೃತಿಸ್ವಾಮ್ಯದ ಪೂರ್ಣ ಅವಧಿ ಎಂದರೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ. ಒಂದು ಕವನ ಸಂಕಲನ ಅಚ್ಚು ಹಾಕಿಸಲು ಸ್ವಂತ ಹಣವನ್ನೂ ಕೊಟ್ಟು ಮೊಮ್ಮಕ್ಕಳ ಕಾಲದವರೆಗಿನ ಹಕ್ಕನ್ನೂ ಬರೆದುಕೊಟ್ಟಂತೆ. ಸಿನಿಮಾ, ಅನುವಾದ, ಆಡಿಯೊ ಹಕ್ಕುಗಳನ್ನು ಲೇಖಕರೇ ಇಟ್ಟುಕೊಳ್ಳುತ್ತಾರೆ ಎಂದು ಬರೆಸುವುದು ಕೇಳಿದರೆ ಸಿಗುವಂಥದ್ದು. ಕೇಳಬೇಕು.

ಕರಾರು ಇಂಗ್ಲಿಷಿನಲ್ಲಿದ್ದರೆ ಕನ್ನಡ ಪ್ರತಿ ಕೇಳುವುದಕ್ಕೂ ಸಂಕೋಚ ಬೇಡ. ಊರಿನ ವಕೀಲರ ಹತ್ತಿರ ಅರ್ಧ ಗಂಟೆ ಕೂತರೆ ಆಗುವ ಖರ್ಚು ಯಾವ ಪ್ಯಾಕೇಜಿಗಿಂತಲೂ ಕಡಿಮೆ.

ಕೊಟೇಶನ್ ಮತ್ತು ವಿವರಗಳ ಪುಟ

ಕನ್ನಡದ ಸಾಮಾನ್ಯ ಪುಸ್ತಕ ಡೆಮಿ 1/8 ಅಳತೆಯದು. 16 ಪುಟಕ್ಕೆ ಒಂದು ಫಾರಂ. 128 ಪುಟದ ಕಥಾ ಸಂಕಲನ ಎಂಟು ಫಾರಂ ಆಗುತ್ತದೆ. ಈ ಎರಡು ಸಂಗತಿ ಗೊತ್ತಿದ್ದರೆ ಗದಗಿಗೋ ಬಳ್ಳಾರಿಗೋ ಫೋನ್ ಹಚ್ಚಿ, “ಅಣ್ಣಾರ, ಎಂಟು ಫಾರಂ ಅದ, ಎಪ್ಪತ್ತು ಜಿಎಸ್ಎಂ ಮ್ಯಾಪ್‌ಲಿಥೊ, ಐನೂರು ಪ್ರತಿಗೆ ಎಷ್ಟಾಗ್ತದ್ರಿ?” ಎಂದು ಕೇಳಬಹುದು. ಮುದ್ರಕರು ಡಿಟಿಪಿ ಪುಟಕ್ಕಿಷ್ಟು, ಪ್ಲೇಟು, ಕಾಗದ, ಮುದ್ರಣ, ಮುಖಪುಟದ ಲ್ಯಾಮಿನೇಶನ್, ಬೈಂಡಿಂಗ್ ಎಂದು ಬಿಡಿಸಿ ಹೇಳುತ್ತಾರೆ. ಎರಡು ಮೂರು ಕಡೆ ಕೇಳಿದರೆ ನ್ಯಾಯದ ದರ ತಾನೇ ಗೊತ್ತಾಗುತ್ತದೆ. ಪ್ಯಾಕೇಜಿನವರ ಹತ್ತಿರ ಹೀಗೆ ಬಿಡಿಸಿದ ಲೆಕ್ಕ ಕೇಳಿದರೆ ಒಟ್ಟು ಮೊತ್ತವನ್ನೇ ಮತ್ತೆ ಹೇಳುತ್ತಾರೆ. ಅದೇ ಗುರುತು.

ಪುಸ್ತಕ ಕೈಗೆ ಬಂದ ಮೇಲೆ ಮೊದಲು ತೆರೆಯಬೇಕಾದದ್ದು ಒಳಗಿನ ವಿವರಗಳ ಪುಟ. ಮೊದಲ ಮುದ್ರಣ, ಪುಟಗಳು, ಬೆಲೆ, ಕಾಗದ, ಪ್ರತಿಗಳು, ಹಕ್ಕುಗಳು ಎಂದು ಸಾಲಾಗಿ ಇರುತ್ತದೆ. ‘ಪ್ರತಿಗಳು: 1000’ ಎಂದು ಅಚ್ಚಾಗಿ ಮನೆಗೆ ಬಂದದ್ದು 200 ಆಗಿದ್ದರೆ ಉಳಿದವು ಎಲ್ಲಿ ಎಂದು ಕೇಳಬೇಕು. ಅಚ್ಚೇ ಆಗಿಲ್ಲ, ಇಲ್ಲವೇ ಬೇರೆಲ್ಲೋ ಮಾರಾಟವಾಗುತ್ತಿವೆ. ‘ಹಕ್ಕುಗಳು: ಪ್ರಕಾಶಕರದು’ ಎಂಬ ಸಾಲು ಲೇಖಕರಿಗೆ ತಿಳಿಯದೆಯೇ ಸೇರಿರುವ ಪುಸ್ತಕಗಳಿವೆ. ಸಹಿ ಮಾಡಿದ ಕಾಗದವಿಲ್ಲದೆ ಆ ಸಾಲಿನಿಂದ ಹಕ್ಕು ಹೋಗುವುದಿಲ್ಲ, ಆದರೂ ಮುದ್ರಣಕ್ಕೆ ಹೋಗುವ ಮೊದಲು ಕೊನೆಯ ಪ್ರೂಫಿನಲ್ಲಿ ಈ ಪುಟವನ್ನೂ ತರಿಸಿ ನೋಡಿ ಒಪ್ಪಿಗೆ ಕೊಡುವುದು ಕ್ಷೇಮ.

ಹೊರಗಿನ ಎರಡು ಪ್ರಕರಣ

ಅಮೆರಿಕದ ಪಬ್ಲಿಷ್ ಅಮೆರಿಕ ಎಂಬ ಸಂಸ್ಥೆ ತಾನು ಬಂದದ್ದನ್ನೆಲ್ಲ ಪ್ರಕಟಿಸುವುದಿಲ್ಲ, ಆರಿಸಿ ತೆಗೆದುಕೊಳ್ಳುತ್ತೇನೆ ಎನ್ನುತ್ತಿತ್ತು. ವಿಜ್ಞಾನ ಕಥೆಗಾರರ ಗುಂಪೊಂದು ಬೇಕೆಂದೇ ಕೆಟ್ಟದಾಗಿ ‘ಅಟ್ಲಾಂಟಾ ನೈಟ್ಸ್’ ಎಂಬ ಕಾದಂಬರಿ ಬರೆದು ಕಳಿಸಿತು. ಅದರಲ್ಲಿ ಒಂದು ಅಧ್ಯಾಯವೇ ಇಲ್ಲ, ಒಂದು ಅಧ್ಯಾಯ ಎರಡು ಸಲ ಇದೆ, ಇನ್ನೊಂದನ್ನು ಕಂಪ್ಯೂಟರ್ ಪ್ರೋಗ್ರಾಂ ಬರೆದಿದೆ. 2004ರ ಕೊನೆಗೆ ಸಂಸ್ಥೆ ಅದನ್ನು ಒಪ್ಪಿಕೊಂಡಿತು. ಗುಂಪು ಗುಟ್ಟು ಬಿಟ್ಟುಕೊಟ್ಟ ಮೇಲಷ್ಟೇ ಒಪ್ಪಿಗೆ ಹಿಂದೆ ಪಡೆಯಿತು.

ಈಚಿನದು ಇದಕ್ಕಿಂತ ಕ್ರೂರ. ಸ್ಯಾನ್ ಡಿಯಾಗೊದಲ್ಲಿ ದಾಖಲಾದ ಪ್ರಕರಣದಲ್ಲಿ 800ಕ್ಕೂ ಹೆಚ್ಚು ಲೇಖಕರಿಂದ ಸುಮಾರು 4.4 ಕೋಟಿ ಡಾಲರ್ ಕಿತ್ತರೆಂಬ ಆರೋಪವಿದೆ. ನಿಮ್ಮ ಪುಸ್ತಕ ಸಿನಿಮಾ ಆಗುತ್ತದೆ, ದೊಡ್ಡ ಪ್ರಕಾಶಕರು ಕೇಳುತ್ತಿದ್ದಾರೆ ಎಂದು ನಂಬಿಸಿ, ತೆರಿಗೆ, ಶುಲ್ಕ ಎಂದು ಒಂದಾದ ಮೇಲೊಂದು ವಸೂಲಿ. ಕಳೆದುಕೊಂಡವರಲ್ಲಿ ವಯಸ್ಸಾದವರೇ ಹೆಚ್ಚು. ನಮ್ಮಲ್ಲೂ ನಿವೃತ್ತಿಯ ಹಣ ಬಂದ ವರ್ಷವೇ ಆತ್ಮಕಥೆ ಬರೆಯುವ ಮನಸ್ಸಾಗುವುದು. ಮನೆಯ ಮಕ್ಕಳು ಅದನ್ನು ಮುದುಕರ ಹುಚ್ಚು ಎಂದು ತಳ್ಳಿಹಾಕದೆ ಕೊಟೇಶನ್ ಕೇಳುವಾಗ ಜತೆಗೆ ಕೂರಬೇಕು.

ಶುಲ್ಕ ಕೇಳದ ದಾರಿಗಳು

ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಪತ್ರಿಕೆಗಳಲ್ಲಿ ಪ್ರಕಟಣೆ ಬಂದಾಗ ಹಸ್ತಪ್ರತಿ ಕಳಿಸಬೇಕು, ಸಮಿತಿ ಆರಿಸುತ್ತದೆ. ವಸುಧೇಂದ್ರ ಅವರ ಛಂದ ಪುಸ್ತಕ ಹೊಸ ಕಥೆಗಾರರ ಹಸ್ತಪ್ರತಿಗೆ ಸ್ಪರ್ಧೆ ನಡೆಸಿ, ಗೆದ್ದ ಸಂಕಲನವನ್ನು ತಾನೇ ಪ್ರಕಟಿಸುತ್ತ ಬಂದಿದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ಕಡೆಂಗೋಡ್ಲು ಕಾವ್ಯ ಪ್ರಶಸ್ತಿಯೂ ಹಸ್ತಪ್ರತಿಗೇ ಕೊಡುವಂಥದ್ದು. ಬಳ್ಳಾರಿಯ ಲೋಹಿಯಾ ಪ್ರಕಾಶನ, ಗದಗಿನ ಲಡಾಯಿ ಪ್ರಕಾಶನಗಳು ಬೆಂಗಳೂರಿನಿಂದ ದೂರವಿದ್ದೇ ಹೆಸರು ಮಾಡಿದವು. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಿಂದ ಬೆಳಕಿಗೆ ಬಂದ ಕಥೆಗಾರರು ಎಷ್ಟೋ ಮಂದಿ. ಪತ್ರಿಕೆಯಲ್ಲಿ ನಾಲ್ಕು ಕಥೆ ಬಂದವರ ಹಸ್ತಪ್ರತಿಯನ್ನು ಪ್ರಕಾಶಕರು ಓದುವ ಸಂಭವ ಹೆಚ್ಚು, ಮತ್ತು ಅಂಥವರು ಅವಸರದ ಫೋನಿಗೆ ಬೀಳುವುದೂ ಕಡಿಮೆ. ಇವೆಲ್ಲದರಲ್ಲೂ ತಿರಸ್ಕಾರ ಬರಬಹುದು, ಬರುತ್ತದೆ. ಆ ತಿರಸ್ಕಾರಕ್ಕೆ ಬೆಲೆಯಿದೆ, ಯಾಕೆಂದರೆ ಅಲ್ಲಿ ಯಾರೋ ಓದಿರುತ್ತಾರೆ.

ಸಿಕ್ಕಿಬಿದ್ದ ಮೇಲೆ

ನಾಚಿಕೆಯಿಂದ ಸುಮ್ಮನಿರುವುದೇ ಮೋಸಗಾರರಿಗೆ ದೊಡ್ಡ ಆಸರೆ. ಹಣ ಅಂತರ್ಜಾಲದ ಮೂಲಕ ಹೋಗಿದ್ದು ವಂಚನೆ ಎಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ಮಾಡಿದಷ್ಟೂ ಹಣ ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಪುಸ್ತಕ ಕೊಟ್ಟಿಲ್ಲ, ಕಡಿಮೆ ಪ್ರತಿ ಕೊಟ್ಟರು, ಒಪ್ಪಿದ ಕೆಲಸ ಮಾಡಿಲ್ಲ ಎಂಬ ದೂರಿಗೆ ಗ್ರಾಹಕರ ಸಹಾಯವಾಣಿ 1915 ಇದೆ. ಅದಕ್ಕೂ ಮುಂದೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಸಂಸ್ಥೆ ದೆಹಲಿಯದಾದರೂ ಸಿಂಧನೂರಿನ ಲೇಖಕರು ರಾಯಚೂರಿನಲ್ಲೇ ದೂರು ಹಾಕಬಹುದು. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ವ್ಯಾಜ್ಯ ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಇದು ವ್ಯಾಪಾರದ ವ್ಯವಹಾರ, ಲೇಖಕರು ಗ್ರಾಹಕರೇ ಅಲ್ಲ ಎಂದು ಎದುರಿನವರು ವಾದಿಸುವುದುಂಟು, ಅದಕ್ಕೆ ವಕೀಲರ ಹತ್ತಿರ ಉತ್ತರ ಸಿದ್ಧವಿಟ್ಟುಕೊಂಡಿರಬೇಕು. ವಾಟ್ಸಾಪ್ ಮಾತುಕತೆ, ಹಣ ಕಳಿಸಿದ ರಸೀದಿ, ಜಾಹೀರಾತಿನ ಫೋಟೊ ಯಾವುದನ್ನೂ ಅಳಿಸಬಾರದು. ಎಲ್ಲವೂ ಪುರಾವೆ.

ಹಸ್ತಪ್ರತಿ ಅವರ ಹತ್ತಿರವೇ ಕೊಳೆಯುತ್ತಿದ್ದರೆ ಕರಾರನ್ನು ಮತ್ತೆ ತೆರೆದು ದಿನಾಂಕ ನೋಡಬೇಕು. ಒಂದು ವರ್ಷ ಕಳೆದಿದ್ದು, ಬೇರೆ ಅವಧಿ ಬರೆದಿಲ್ಲವಾದರೆ, 19ನೇ ಕಲಮಿನಂತೆ ವರ್ಗಾವಣೆ ಬಿದ್ದುಹೋಗಿದೆ, ಹಕ್ಕು ನನ್ನಲ್ಲೇ ಇದೆ ಎಂದು ಬರೆದು ರಸೀದಿ ಸಿಗುವ ಅಂಚೆಯಲ್ಲಿ ಕಳಿಸಿ, ಆ ರಸೀದಿಯನ್ನು ಹಸ್ತಪ್ರತಿಯ ಜತೆಗೇ ಇಟ್ಟು, ಬೇರೆ ಪ್ರಕಾಶಕರಿಗೆ ತೋರಿಸಬಹುದು.